ಎಂಟು ಅಡಿ ಸರಿದ ಟ್ರಾಲಿ

“ಬಿಡಿ,” ಎಂದಳು ಪುಟ್ಟಿ.

ಮೇಲೆ, ಲೈಟು ಕಟ್ಟಲು ಸೂರಿನಡಿ ಹಾಕಿದ್ದ ಹಲಗೆದಾರಿಯಲ್ಲಿ ಹೊಟ್ಟೆಯ ಮೇಲೆ ಮಲಗಿದ್ದ ಕಾನ್‌ಸ್ಟೇಬಲ್ ಕೈ ಸಡಿಲಿಸಿದ. ಮರಳುಚೀಲ ನೇರವಾಗಿ ಬಂದು ಟ್ರಾಲಿಯ ಸೀಟಿನ ಮೇಲೆ ಧೊಪ್ಪೆಂದು ಕೂತಿತು. ಶೂಟಿಂಗ್ ಫ್ಲೋರಿನ ತಗಡುಗೋಡೆಗಳು ಆ ಸದ್ದನ್ನು ಒಂದರಿಂದ ಒಂದಕ್ಕೆ ದಾಟಿಸಿ ಸುಮ್ಮನಾದವು. ಕ್ಯಾಮೆರಾಮನ್ ಬದಲಿಗೆ ಸೀಟಿನಲ್ಲಿ ಪೇರಿಸಿಟ್ಟಿದ್ದ ಗೋಣಿಮೂಟೆಗಳು ಗೇಣುದ್ದ ಕುಸಿದವು. ಹಳಿ ಗುಂಯ್‌ಗುಟ್ಟಿತು.

ಟ್ರಾಲಿ ಮಾತ್ರ ಕದಲಲಿಲ್ಲ.

“ಇನ್ನೊಂದು ಸಲ,” ಎಂದರು ಇನ್ಸ್‌ಪೆಕ್ಟರ್.

“ಇದು ಐದನೇದು ಸಾರ್,” ಮೇಲಿನಿಂದ ಕಾನ್‌ಸ್ಟೇಬಲ್ ಗೊಣಗಿದ. “ಪ್ರತಿ ಸಲ ಕೆಳಗಿಳಿದು ಹೊತ್ಕೊಂಡು ಹತ್ತೋನು ನಾನು.”

“ಹೊಟ್ಟೆ ಕರಗುತ್ತೆ ಬಿಡು. ಮನೆಯಲ್ಲಿ ಸಂತೋಷಪಡ್ತಾರೆ.”

ಪುಟ್ಟಿಗೆ ನಗು ಬರಲಿಲ್ಲ. ಮೂರು ದಿನದ ಹಿಂದೆ ಇದೇ ಸೀಟಿನಲ್ಲಿ, ಊಟದ ಬಿಡುವಿನಲ್ಲಿ ಒಬ್ಬರೇ ಕೂತಿದ್ದ ಕ್ಯಾಮೆರಾಮನ್ ಕತ್ತು ಮುರಿದು ಸತ್ತಿದ್ದರು; ಚೀಲ ತನ್ನ ಕೈಯಿಂದಲೇ ಜಾರಿತೆಂದು ಒಪ್ಪಿಕೊಂಡು ಅವಳ ಅಣ್ಣ, ಈ ಫ್ಲೋರಿನ ಲೈಟ್‌ಮನ್, ಲಾಕಪ್ಪಿನಲ್ಲಿ ಕೂತಿದ್ದ. ಸಂಜೆಗೆ ಪೊಲೀಸ್ ಕಸ್ಟಡಿ ಮುಗಿದು ಅವನನ್ನು ಮತ್ತೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ಅಷ್ಟರೊಳಗೆ ಅವನ ಮಾತು ಸುಳ್ಳೆಂದು ತೋರಿಸಿದರೆ ಕೇಳುತ್ತೇನೆ, ಇಲ್ಲವಾದರೆ ಸಹಿ ಹಾಕಿ ಕಳಿಸುತ್ತೇನೆ ಎಂದಿದ್ದರು ಇನ್ಸ್‌ಪೆಕ್ಟರ್.

ಅಣ್ಣನ ಕೈಯಿಂದ ಚೀಲ ಜಾರುವುದು! ಇಕ್ಕಳವನ್ನೂ ದಾರದಿಂದ ಸೊಂಟಕ್ಕೆ ಕಟ್ಟಿಕೊಂಡು ಮೇಲೆ ಹತ್ತುವವನು ಅವನು. ಲಾಕಪ್ಪಿನ ಸರಳಿನಾಚೆಯಿಂದ ‘ಜಾರಿತು ಪುಟ್ಟಿ, ಅಷ್ಟೇ’ ಎನ್ನುವಾಗ ಅವನು ಅವಳ ಮುಖ ನೋಡಿರಲಿಲ್ಲ. ಚಿಕ್ಕಂದಿನಿಂದಲೂ ಸುಳ್ಳು ಹೇಳುವಾಗ ಅವನ ಕಣ್ಣು ನೆಲ ಹುಡುಕುತ್ತದೆ.

“ಟೀಚರಮ್ಮ,” ಎಂದರು ಇನ್ಸ್‌ಪೆಕ್ಟರ್, ಕಾಲು ಬದಲಿಸುತ್ತ. “ನಾನು ಕಾಲೇಜಲ್ಲಿ ಫಿಸಿಕ್ಸ್ ಎರಡು ಸಲ ಬರೆದೋನು. ಪಾಸಾಗಿದ್ದು ಯಾರ ಪುಣ್ಯವೋ ಗೊತ್ತಿಲ್ಲ. ಚೀಲ ಬಿತ್ತು, ಟ್ರಾಲಿ ಅಲ್ಲೇ ನಿಂತಿತು. ನಿಮ್ಮಣ್ಣ ಹೇಳಿದ್ದೂ ಅದನ್ನೇ ತಾನೇ? ಮೇಲೆಳೀತಾ ಇದ್ದೆ, ಜಾರಿತು, ಕೆಳಗೆ ಕೂತೋರ ಮೇಲೆ ಬಿತ್ತು. ನಾವು ಬಂದಾಗ ಟ್ರಾಲಿ ಇಲ್ಲೇ ಇತ್ತು. ಹಲಗೆದಾರಿಗೆ ಸರಿಯಾಗಿ ಕೆಳಗೆ.”

“ಇಲ್ಲಿ ಇರಲಿಲ್ಲ ಸಾರ್.”

ಅಂದ ಮೇಲೆ ಅವಳಿಗೇ ಕಿವಿ ಬಿಸಿಯಾಯಿತು. ಕರಿಹಲಗೆಯ ಆಸರೆಯಿಲ್ಲದೆ ನಾಲ್ಕು ಜನರೆದುರು ಮಾತಾಡಿ ಅವಳಿಗೆ ರೂಢಿಯಿಲ್ಲ. ಮನೆಗೆ ನೆಂಟರು ಬಂದರೆ ಅಡುಗೆಮನೆಯ ಬಾಗಿಲ ಸಂದಿಯಿಂದಲೇ ನಮಸ್ಕಾರ ಹೇಳುವವಳು. ಹೆಗಲಿನ ಚೀಲದ ಪಟ್ಟಿಯನ್ನು ಬೆರಳಿಗೆ ಸುತ್ತಿಕೊಂಡು ಹಳಿಯ ಪಕ್ಕ ಮಂಡಿಯೂರಿದಳು.

“ಟಾರ್ಚ್ ಕೊಡ್ತೀರಾ?”

ಬೆಳಕು ಹಳಿಗಳ ನಡುವೆ ತೆವಳಿತು. ನೆಲದ ಮೇಲೆ ಬಿಳಿ ಟೇಪಿನಲ್ಲಿ ‘೧’ ಎಂದು ಗುರುತು ಹಾಕಿತ್ತು. ಶಾಟ್ ಶುರುವಾಗುವಾಗ ಟ್ರಾಲಿ ನಿಲ್ಲುವ ಜಾಗ. ಅಲ್ಲಿಂದ ಮುಂದಕ್ಕೆ ಇರುವೆಸಾಲಿನಷ್ಟು ಸಣ್ಣ ಮರಳಿನ ಗೆರೆ. ಎಂಟು ಅಡಿ ದೂರದಲ್ಲಿ ಗೆರೆ ಮುಗಿದು, ಮುಷ್ಟಿಯಷ್ಟು ಮರಳು ಗುಡ್ಡೆಯಾಗಿತ್ತು.

“ಹರಿದ ಚೀಲ ಹೊತ್ಕೊಂಡು ಹೋಗುವಾಗ ಸೋರಿರುತ್ತೆ,” ಎಂದರು ಇನ್ಸ್‌ಪೆಕ್ಟರ್. “ನನ್ನ ಹುಡುಗರು ಅಷ್ಟೇನೂ ನಾಜೂಕಿನವರಲ್ಲ.”

“ಬಾಗಿಲು ಈ ಕಡೆ ಇದೆ ಸಾರ್. ಹೊತ್ಕೊಂಡೋರು ಗೋಡೆ ಕಡೆಗೆ, ಅದೂ ಹಳಿಗಳ ನಡುವೆ, ಅದೂ ಗೆರೆ ಎಳೆದ ಹಾಗೆ ನೇರವಾಗಿ ಯಾಕೆ ಹೋಗ್ತಾರೆ? ಆಮೇಲೆ ಅಲ್ಲೊಂದು ಗುಡ್ಡೆ ಇದೆ ನೋಡಿ. ಚೀಲ ಅಲ್ಲಿ ಸುಮಾರು ಹೊತ್ತು ನಿಂತು ಸೋರಿದೆ.”

ಇನ್ಸ್‌ಪೆಕ್ಟರ್ ಕುಕ್ಕರುಗಾಲಿನಲ್ಲಿ ಕೂತರು. ಹಳಿಯ ಮೇಲೆ ಬೆರಳಾಡಿಸಿದರು. ಅಲ್ಲಿ ಒಂದು ಕಾಳೂ ಇರಲಿಲ್ಲ. ಎಣ್ಣೆಬಟ್ಟೆಯಿಂದ ಒರೆಸಿದ ಹೊಳಪು.

ಅವರ ಕಣ್ಣು ತಾನಾಗಿ ಟ್ರಾಲಿ ಮಾಮನ ಕಡೆಗೆ ಹೊರಳಿತು.

ಟ್ರಾಲಿ ಮಾಮ ಎಂದರೆ ಇಡೀ ಫ್ಲೋರಿಗೆ ಮಾಮ. ಕೂದಲು ಕಪ್ಪಿದ್ದಾಗಿನಿಂದ ಟ್ರಾಲಿ ತಳ್ಳುತ್ತ ಬಂದವನು. ಆ ದಿನ ಊಟ ಮುಗಿಸಿ ಮೊದಲು ಒಳಗೆ ಬಂದು, ಕ್ಯಾಮೆರಾಮನ್ ತನ್ನ ಕ್ಯಾಮೆರಾದ ಮೇಲೆ ಬೋರಲಾಗಿರುವುದನ್ನು ಕಂಡು ಕೂಗಿಕೊಂಡವನೂ ಅವನೇ.

“ಮಾಮ,” ಎಂದಳು ಪುಟ್ಟಿ ಮೆಲ್ಲಗೆ, “ನೀವು ಬಂದಾಗ ಟ್ರಾಲಿ ಎಲ್ಲಿತ್ತು?”

ಮಾಮ ಹೆಗಲ ಮೇಲಿನ ಎಣ್ಣೆಬಟ್ಟೆ ತೆಗೆದು ಕೈ ಒರೆಸಿಕೊಂಡ. ಆಮೇಲೆ ಅದೇ ಬಟ್ಟೆಯಿಂದ ಮುಖ ಒರೆಸಿಕೊಂಡ. ಹಣೆಯ ಮೇಲೆ ಕಪ್ಪು ಪಟ್ಟೆ ಮೂಡಿತು.

“ಅಲ್ಲಿ,” ಎಂದು ಗಲ್ಲದಿಂದ ಗುಡ್ಡೆಯ ಕಡೆ ತೋರಿಸಿದ.

“ಇಲ್ಲಿಗೆ ತಂದೋರು ಯಾರು?” ಇನ್ಸ್‌ಪೆಕ್ಟರ್ ದನಿ ಗಟ್ಟಿಯಾಯಿತು.

“ನಾನೇ ಸಾರ್. ಅವರನ್ನ ಹೊತ್ಕೊಂಡು ಹೋಗಿ ಆಸ್ಪತ್ರೆಗೆ ಕಳಿಸಿದ್ರು. ಎಲ್ರೂ ಹೊರಗೆ ಓಡಿದ್ರು. ನಾನೊಬ್ನೇ ಉಳ್ಕೊಂಡೆ. ಏನು ಮಾಡ್ಬೇಕು ಅಂತ ತೋಚಲಿಲ್ಲ. ಶಾಟ್ ಮುಗಿದ ಮೇಲೆ ಟ್ರಾಲಿ ಒಂದಕ್ಕೆ ವಾಪಸ್ ಬರಬೇಕಲ್ಲ. ತಳ್ಕೊಂಡು ಬಂದೆ. ಚಕ್ರಕ್ಕೆ ಅಡೆ ಕೊಟ್ಟೆ. ಹಳಿ ಮೇಲೆ ಮರಳಿತ್ತು, ಒರೆಸಿದೆ.”

“ಶಾಟ್ ಮುಗಿದ ಮೇಲೆ,” ಇನ್ಸ್‌ಪೆಕ್ಟರ್ ಆ ಮಾತನ್ನು ಅಗಿದರು. “ಹೆಣ ಹೊತ್ಕೊಂಡು ಹೋದ ಮೇಲೆ ಶಾಟ್ ಮುಗೀತು ಅಂತ ಟ್ರಾಲಿ ವಾಪಸ್ ತಂದ್ರಿ. ನನಗೆ ಯಾಕೆ ಹೇಳಲಿಲ್ಲ?”

“ನೀವು ಚೀಲ ಎಲ್ಲಿಂದ ಬಿತ್ತು ಅಂತ ಕೇಳಿದ್ರಿ. ಟ್ರಾಲಿ ಎಲ್ಲಿತ್ತು ಅಂತ ಯಾರೂ ಕೇಳಲಿಲ್ಲ ಸಾರ್. ನಿಜ ಹೇಳ್ಬೇಕಂದ್ರೆ, ತಳ್ಳಿದ್ದು ನನಗೇ ಮರೆತುಹೋಗಿತ್ತು. ಈಗ ಈಯಮ್ಮ ಕೇಳಿದಾಗ ನೆನಪಾಯ್ತು.”

ಹಿಂದಿನಿಂದ ಯಾರೋ ಗಂಟಲು ಸರಿಮಾಡಿಕೊಂಡರು. ಸ್ಟುಡಿಯೋದ ಮ್ಯಾನೇಜರ್. ಬಾಯಲ್ಲಿ ಸದಾ ಪೆಪ್ಪರ್‌ಮಿಂಟ್ ಇರುತ್ತಿದ್ದುದರಿಂದ ಪೆಪ್ಪರ್‌ಮಿಂಟ್ ಮ್ಯಾನೇಜರ್ ಎಂದೇ ಅವರ ಹೆಸರು. ಎದುರಿಗೆ ಮಾತ್ರ ಸಾರ್.

“ಇಷ್ಟಕ್ಕೆ ಇಷ್ಟು ರಾದ್ಧಾಂತವಾ?” ಎಂದರು. “ಚೀಲ ಬಿತ್ತು, ಟ್ರಾಲಿ ಉರುಳಿತು. ಮೇಲಿಂದ ಹದಿನೈದು ಕಿಲೋ ಬಂದು ಬಡಿದ್ರೆ ಚಕ್ರದ ಗಾಡಿ ಮುಂದಕ್ಕೆ ಹೋಗದೆ ಇನ್ನೇನು ಮಾಡುತ್ತೆ? ಸಣ್ಣ ಮಕ್ಕಳಿಗೂ ಗೊತ್ತಾಗುತ್ತೆ.”

“ಐದು ಸಲ ಬೀಳಿಸಿದೆವಲ್ಲ ಸಾರ್,” ಎಂದಳು ಪುಟ್ಟಿ. “ಅಡೆ ತೆಗೆದೇ ಬೀಳಿಸಿದೆವು. ಕೂದಲೆಳೆಯಷ್ಟಾದ್ರೂ ಹೋಯಿತಾ?”

ಮ್ಯಾನೇಜರ್ ಪೆಪ್ಪರ್‌ಮಿಂಟನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಸರಿಸಿದರು.

“ಬೀಳೋ ವಸ್ತುವಿಗೆ ಸಂವೇಗ ಇರುತ್ತೆ,” ಪುಟ್ಟಿಯ ದನಿ ಈಗ ತರಗತಿಯ ದನಿಯಾಗಿತ್ತು. ಅದು ಅವಳಿಗೆ ಗೊತ್ತಿರಲಿಲ್ಲ. “ತೂಕ ಎಷ್ಟು, ವೇಗ ಎಷ್ಟು, ಎರಡನ್ನೂ ಗುಣಿಸಿದ್ರೆ ಬರೋದು. ಆದ್ರೆ ಅದಕ್ಕೆ ದಿಕ್ಕು ಇದೆ. ನೇರ ಬಿದ್ದ ಚೀಲದ ಸಂವೇಗ ಪೂರ್ತಿ ಕೆಳಮುಖ. ಅದನ್ನ ಹಳಿ ನುಂಗುತ್ತೆ, ನೆಲ ನುಂಗುತ್ತೆ. ಸದ್ದು ಕೇಳಿದಿರಲ್ಲ, ಅದೇ. ಮುಂದಕ್ಕೆ ಅಂತ ಚೀಲ ಏನೂ ತಂದಿಲ್ಲ. ತರದೇ ಇದ್ದದ್ದನ್ನ ಟ್ರಾಲಿಗೆ ಹೇಗೆ ಕೊಡುತ್ತೆ?”

“ನೆಲ ವಾಲಿದ್ರೆ?” ಕೇಳಿದರು ಇನ್ಸ್‌ಪೆಕ್ಟರ್.

ಟ್ರಾಲಿ ಮಾಮನಿಗೆ ಯಾರೋ ಕಪಾಳಕ್ಕೆ ಬಾರಿಸಿದಂತಾಯಿತು. “ನನ್ನ ಹಳಿ ವಾಲೋದಾ?” ಎನ್ನುತ್ತ ಚಡ್ಡಿಯ ಜೇಬಿನಿಂದ ರಸಮಟ್ಟ ತೆಗೆದು ಹಳಿಯ ಮೇಲಿಟ್ಟ. ಗುಳ್ಳೆ ನಟ್ಟನಡುವೆ ನಿಂತಿತು. ಎರಡು ಮಾರು ಮುಂದೆ ಹೋಗಿ ಇಟ್ಟ. ಅಲ್ಲೂ ನಡುವೆ. “ನೋಡ್ಕೊಳಿ ಸಾರ್. ನನ್ನ ಮದುವೆ ಮಂಟಪ ವಾಲಿತ್ತು, ಹಳಿ ವಾಲಿಲ್ಲ.”

“ಕ್ಯಾಮೆರಾಮನ್ನೇ ಕಾಲಿಂದ ತಳ್ಕೊಂಡಿದ್ರೆ?”

“ಸೀಟಲ್ಲಿ ಕೂತ್ರೆ ಕಾಲು ನೆಲಕ್ಕೆ ಎಟುಕಲ್ಲ ಸಾರ್. ಕಾಲಿಡೋ ಹಲಗೆ ಮೇಲಿದೆ. ಅದಕ್ಕೇ ಅಲ್ವಾ ನಾನು ಇರೋದು, ತಳ್ಳೋಕೆ.”

“ಆಗಲೇ ಓಡ್ತಾ ಇದ್ದಿದ್ರೆ?” ಮ್ಯಾನೇಜರ್ ಬಿಡಲಿಲ್ಲ. “ಯಾರೋ ತಳ್ಳಿದ್ರು, ಟ್ರಾಲಿ ಓಡ್ತಿತ್ತು, ಆಗ ಚೀಲ ಬಿತ್ತು. ಆಗಬಾರದಾ?”

“ಹಾಗಿದ್ರೂ ಚೀಲ ಓಟಕ್ಕೆ ಏನೂ ಸೇರಿಸಲ್ಲ ಸಾರ್. ಓಟದಲ್ಲೇ ಪಾಲು ಕೇಳುತ್ತೆ. ಟ್ರಾಲಿ ನಿಧಾನ ಆಗಬೇಕೇ ಹೊರತು ಜೋರಾಗಲ್ಲ. ಅದಿರಲಿ, ತಳ್ಳಿದೋರು ಯಾರು ಅಂತೀರಿ?” ಪುಟ್ಟಿ ಅವರ ಮುಖವನ್ನೇ ನೋಡಿದಳು. ಅಷ್ಟು ನೇರವಾಗಿ ಒಬ್ಬ ಗಂಡಸಿನ ಮುಖವನ್ನು ಅವಳು ನೋಡಿದ್ದೇ ಅಪರೂಪ. “ಕೆಳಗೆ ಅವರೊಬ್ಬರೇ ಇದ್ರು ಅಂತ ಬರೆಸಿದೋರು ನೀವೇ ಅಲ್ವಾ?”

ಮ್ಯಾನೇಜರ್ ಬಾಯಿ ತೆರೆದರು. ಪೆಪ್ಪರ್‌ಮಿಂಟ್ ಹೊರಗೆ ಬಿತ್ತು. ಬಗ್ಗಿ ಅದನ್ನು ಎತ್ತಿಕೊಳ್ಳಲೋ ಬೇಡವೋ ಎಂದು ಯೋಚಿಸಿ ಬೂಟಿನಿಂದ ಪಕ್ಕಕ್ಕೆ ಸರಿಸಿದರು.

ಸೆಟ್ಟಿನ ಅಂಚಿನಲ್ಲಿ, ಲೈಟಿನ ಖಾಲಿ ಪೆಟ್ಟಿಗೆಯೊಂದರ ಮೇಲೆ ಅತ್ತಿಗೆ ಕೂತಿದ್ದಳು. ಅಣ್ಣ ಒಳಗೆ ಹೋದಾಗಿನಿಂದ ಸರಿಯಾಗಿ ಒಂದು ತುತ್ತು ತಿಂದವಳಲ್ಲ. ಬರಬೇಡ ಎಂದರೂ ಕೇಳದೆ ಪುಟ್ಟಿಯ ಬೆನ್ನಿಗೇ ಬಂದಿದ್ದಳು. ಪ್ರತಿ ಸಲ ಚೀಲ ಬಿದ್ದಾಗಲೂ ಅವಳ ಹೆಗಲು ಮೇಲಕ್ಕೆ ಹಾರಿ, ಕೈ ಬಾಯಿಗೆ ಹೋಗುವುದನ್ನು ಪುಟ್ಟಿ ಓರೆಗಣ್ಣಿನಲ್ಲಿ ಕಂಡಿದ್ದಳು. ಪಾಪ, ಗಂಡನನ್ನು ನೆನೆದುಕೊಳ್ಳುತ್ತಿದ್ದಾಳೆ ಎಂದುಕೊಂಡಿದ್ದಳು.

“ಸರಿ,” ಎಂದರು ಇನ್ಸ್‌ಪೆಕ್ಟರ್. ಅವರ ದನಿಯಲ್ಲಿ ಮೊದಲಿನ ಉದಾಸೀನ ಇರಲಿಲ್ಲ. “ನೇರ ಬೀಳಲಿಲ್ಲ. ಮತ್ತೆ ಹೇಗೆ ಬಂತು?”

“ತೂಗಿಕೊಂಡು ಬಂತು.”

ಪುಟ್ಟಿ ಹಿಂದಕ್ಕೆ ತಿರುಗಿ ಕೈ ತೋರಿಸಿದಳು. ಟ್ರಾಲಿಯ ಬೆನ್ನಿಗೆ, ಹಳಿ ಶುರುವಾಗುವುದಕ್ಕಿಂತ ಆಚೆ, ಎರಡಾಳೆತ್ತರದಲ್ಲಿ ಒಂದು ಮರದ ಅಟ್ಟ. ಹಳೆಯ ಪರದೆಗಳು, ಬಣ್ಣ ಮಾಸಿದ ಬಾಗಿಲುಗಳು, ಕೈ ಮುರಿದ ಬೊಂಬೆಗಳು ಅಲ್ಲಿ ತುಂಬಿದ್ದವು. ಹಲಗೆದಾರಿ ಫ್ಲೋರಿನ ಮುಂಗೋಡೆಯಿಂದ ಹೊರಟು ಟ್ರಾಲಿಯ ನೆತ್ತಿಯ ಮೇಲೆ ಹಾದು, ಕೊನೆಗೆ ನಾಲ್ಕು ಮೆಟ್ಟಿಲಿಳಿದು ಆ ಅಟ್ಟಕ್ಕೇ ಸೇರುತ್ತಿತ್ತು.

“ಹಲಗೆದಾರಿ ಪಕ್ಕದ ತೊಲೆಗೆ ಹಗ್ಗ ಕಟ್ಟಿ, ಇನ್ನೊಂದು ತುದಿಗೆ ಚೀಲ ಕಟ್ಟಬೇಕು. ಚೀಲವನ್ನ ಆ ಅಟ್ಟಕ್ಕೆ ಎಳ್ಕೊಂಡು ಹೋಗಿ ಅಲ್ಲಿಂದ ಬಿಡಬೇಕು. ಉಯ್ಯಾಲೆ ಹಾಗೆ ಇಳಿದು ಬರುತ್ತೆ. ಕೆಳಗೆ ತಲುಪೋ ಹೊತ್ತಿಗೆ ಕೆಳಮುಖ ಏನೂ ಉಳಿದಿರಲ್ಲ, ಎಲ್ಲಾ ಮುಂದಕ್ಕೆ ತಿರುಗಿರುತ್ತೆ. ಡಾಕ್ಟರು ಏನಂದ್ರು ಸಾರ್? ಪೆಟ್ಟು ನೆತ್ತಿ ಮೇಲಾ?”

“ಕತ್ತಿನ ಹಿಂದೆ,” ಎಂದರು ಇನ್ಸ್‌ಪೆಕ್ಟರ್ ನಿಧಾನವಾಗಿ. “ತಲೆ ಬಗ್ಗಿಸಿ ಕ್ಯಾಮೆರಾದಲ್ಲಿ ನೋಡ್ತಿದ್ರು, ಅದಕ್ಕೇ ಹಾಗೆ ಅಂತ ನಾವು ಬರ್ಕೊಂಡ್ವಿ.”

ತೊಲೆಗೆ ಹಗ್ಗ ಬಿಗಿಯಿತು. ಬಡಿದೊಡನೆ ಕಿತ್ತುಬರಲೆಂದು ನಡುವೆ ಸವೆದ ಹುರಿಯ ತುಂಡೊಂದನ್ನು ಪುಟ್ಟಿ ತಾನೇ ಕಟ್ಟಿದಳು. ಕಾನ್‌ಸ್ಟೇಬಲ್ ಚೀಲ ಹೊತ್ತು ಅಟ್ಟಕ್ಕೆ ಹೋದ. ಅವನು ಹೆಜ್ಜೆ ಇಟ್ಟಲ್ಲೆಲ್ಲ ಹಲಗೆ ಕಿರುಗುಟ್ಟಿತು. ಮಾಮ ಚಕ್ರದ ಅಡೆ ತೆಗೆದು, ಎರಡೂ ಕೈ ಮೇಲೆತ್ತಿ, ತಾನು ಮುಟ್ಟಿಲ್ಲ ಎಂಬಂತೆ ದೂರ ಸರಿದ.

ಹೊರಗೆ ಜೀಪಿನ ಹಾರ್ನ್ ಒಮ್ಮೆ ಕೇಳಿಸಿತು. ಯಾರೂ ಆ ಕಡೆ ತಿರುಗಲಿಲ್ಲ.

“ಬಿಡಿ.”

ಈ ಸಲ ಮೊದಲು ಸದ್ದೇ ಇರಲಿಲ್ಲ. ಕತ್ತಲಿನ ಅಟ್ಟದಿಂದ ಚೀಲ ಬೇರ್ಪಟ್ಟು, ಹಗ್ಗ ಬಿಗಿದುಕೊಂಡು, ದೊಡ್ಡದೊಂದು ಕಮಾನು ಬರೆಯುತ್ತ ಇಳಿಯಿತು. ನೋಡನೋಡುತ್ತ ಅದು ಹಿಗ್ಗಿತು. ಮೂಟೆಗಳ ಬೆನ್ನಿಗೆ ಬಡಿಯಿತು. ಹುರಿ ಪಟ್ಟೆಂದಿತು. ಮೂಟೆಗಳು ಕ್ಯಾಮೆರಾದ ಜಾಗದಲ್ಲಿಟ್ಟಿದ್ದ ಪೆಟ್ಟಿಗೆಯ ಮೇಲೆ ಬೋರಲಾದವು. ಚೀಲ ಟ್ರಾಲಿಯ ಹಲಗೆಯ ಮೇಲೆ ಕುಸಿಯಿತು.

ಟ್ರಾಲಿ ಹೊರಟಿತು.

ಅವಸರವಿಲ್ಲದೆ, ಯಾರೋ ಕಾಣದ ಕೈಯಿಂದ ಮೆತ್ತಗೆ ತಳ್ಳಿದಂತೆ, ಎಣ್ಣೆ ಹಾಕಿದ ಚಕ್ರಗಳ ಮೇಲೆ ಸುಯ್ಯನೆ ಹೋಯಿತು. ನಡಿಗೆಯ ವೇಗಕ್ಕಿಂತ ತುಸು ಕಡಿಮೆ. ನಿಧಾನವಾಯಿತು. ಇನ್ನೂ ನಿಧಾನವಾಯಿತು. ಮರಳಿನ ಗುಡ್ಡೆಗೆ ಅಂಗೈಯಗಲ ಮೊದಲೇ ನಿಂತಿತು.

ಟ್ರಾಲಿ ಮಾಮ ಕೈ ಮುಗಿದ. ಯಾರಿಗೆಂದು ಅವನಿಗೇ ಗೊತ್ತಿರಲಿಲ್ಲ.

“ಅಂದ್ರೆ,” ಇನ್ಸ್‌ಪೆಕ್ಟರ್ ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡರು, “ಇದು ಕೈ ಜಾರಿದ್ದಲ್ಲ.”

“ಅಲ್ಲ ಸಾರ್.”

“ಅಳತೆ ಮಾಡಿ ಹಗ್ಗ ಕಟ್ಟಿ, ಕಾದು ಕೂತು, ಬಿಟ್ಟಿದ್ದು. ಕೊಲೆ.”

ಆ ಮಾತು ಅವಳ ಬಾಯಿಂದ ಬಂದಿರಲಿಲ್ಲ. ಆದರೂ ತಲೆಯಾಡಿಸಿದಳು. “ಹಲಗೆದಾರಿಯಲ್ಲಿ, ಕ್ಯಾಮೆರಾಮನ್ ನೆತ್ತಿ ಮೇಲೆ ನಿಂತೋರ ಕೈಯಲ್ಲಿ ಇದು ಆಗೋದೇ ಇಲ್ಲ. ಬಿಟ್ಟೋರು ಹಿಂದಿನ ಅಟ್ಟದಲ್ಲಿರಬೇಕು. ನನ್ನಣ್ಣ ಹಲಗೆದಾರಿಯಲ್ಲಿದ್ದೆ ಅಂತ ಅವನೇ ಬರೆದುಕೊಟ್ಟಿದ್ದಾನೆ. ನೀವೂ ಅದನ್ನ ನಂಬಿದ್ದೀರಿ.”

“ನಂಬಿದ್ದೀನಿ.” ಇನ್ಸ್‌ಪೆಕ್ಟರ್ ಮೀಸೆಯಡಿಯಲ್ಲಿ ನಕ್ಕಂತೆ ಕಂಡಿತು. “ಬೆಳಿಗ್ಗೆವರೆಗೂ ಹಲಗೆದಾರಿ ಅಂದ್ರೆ ಜೈಲು. ಈಗ ಅಲ್ಲಿದ್ದೋನೇ ಬಚಾವ್. ಒಳ್ಳೆ ಟೀಚರಮ್ಮ.”

ಅವರು ಮ್ಯಾನೇಜರ್ ಕಡೆಗೆ ತಿರುಗಿದರು. ಅಟ್ಟಕ್ಕೆ ಹತ್ತುವ ಇನ್ನೊಂದು ಏಣಿ ಸೆಟ್ಟಿನ ಹಿಂಭಾಗದಲ್ಲಿ, ಮ್ಯಾನೇಜರ್ ಕೋಣೆಯ ಬಾಗಿಲ ಪಕ್ಕದಲ್ಲೇ ಇತ್ತು. ಅದನ್ನು ಪುಟ್ಟಿ ಬೆಳಿಗ್ಗೆಯೇ ನೋಡಿಕೊಂಡಿದ್ದಳು. ಇನ್ಸ್‌ಪೆಕ್ಟರೂ ನೋಡಿಕೊಂಡಿದ್ದರೆಂದು ಈಗ ಗೊತ್ತಾಯಿತು.

“ಊಟದ ಹೊತ್ತಲ್ಲಿ ನೀವು ಎಲ್ಲಿದ್ರಿ?”

“ಊಟದಲ್ಲಿ.”

“ಊಟದ ಶೆಡ್ಡಲ್ಲಿ ನಿಮ್ಮನ್ನ ಯಾರೂ ನೋಡಿಲ್ಲ.”

“ನನ್ನ ಕೋಣೆಯಲ್ಲಿ ಊಟ ಮಾಡಿದೆ. ಒಬ್ನೇ.”

“ಏಣಿ ಪಕ್ಕದ ಕೋಣೆಯಲ್ಲಿ.”

“ಏಣಿ ಪಕ್ಕ ಕೋಣೆ ಕಟ್ಟಿಸಿದೋನು ನಾನಲ್ಲ ಸಾರ್.” ಮ್ಯಾನೇಜರ್ ಹಣೆಯಲ್ಲಿ ಬೆವರು ಸಾಲುಗಟ್ಟಿತ್ತು. “ನನಗೂ ಅವರಿಗೂ ಮಾತು ಬಂದಿತ್ತು, ನಿಜ. ಇಡೀ ಫ್ಲೋರ್ ಕೇಳಿಸ್ಕೊಂಡಿದೆ. ಈ ಸೆಟ್ ಬಿಚ್ಚಬೇಕು ಅಂದೆ, ಬಿಚ್ಚೋಕೆ ಬಿಡಲ್ಲ ಅಂದ್ರು. ಅದಕ್ಕೆ ಯಾರಾದ್ರೂ ಮನುಷ್ಯನ ಕತ್ತು ಮುರೀತಾರಾ?”

“ಮತ್ತೆ ಅಪಘಾತ, ಅಪಘಾತ ಅಂತ ಮೊದಲಿಂದ ಗಿಣಿ ಹಾಗೆ ಹೇಳ್ತಿದ್ದೀರಲ್ಲ,” ಎಂದಳು ಪುಟ್ಟಿ. ಮೂರು ದಿನದ ಸಿಟ್ಟು ಗಂಟಲಿಗೆ ಬಂದಿತ್ತು. “ಒಬ್ಬ ಬಡಪಾಯಿ ತಲೆಗೆ ಕಟ್ಟಿದ್ರೆ ಮುಗೀತು, ಅಲ್ವಾ? ಚೀಲ ತೂಗಿ ಬಂತು ಅಂತ ಗೊತ್ತಿದ್ದೋರು ಒಬ್ಬರೇ. ಬಿಟ್ಟೋರು.”

“ನೋಡಮ್ಮಾ, ನಾಲಿಗೆ ಬಿಗಿ ಹಿಡಿ.”

“ಹಿಡಿಯಲ್ಲ. ಇಷ್ಟು ದಿನ ಹಿಡಿದಿದ್ದೆ.”

ಮ್ಯಾನೇಜರ್ ಅವಳನ್ನೇ ನೋಡಿದರು. ಮುಖದಲ್ಲಿದ್ದ ಕೋಪ ಇಳಿದು ಬೇರೆ ಏನೋ ಬಂತು. ಹೇಳಲೋ ಬೇಡವೋ ಎಂಬ ತೂಗಾಟ. “ನಿಮ್ಮಣ್ಣ ನನಗೆ ಬೇಕಾದೋನು,” ಎಂದರು ತಗ್ಗಿದ ದನಿಯಲ್ಲಿ. “ಅಪಘಾತ ಅಂದ್ರೆ ವರ್ಷವೋ ಎರಡು ವರ್ಷವೋ. ಅದಕ್ಕೇ ಹೇಳ್ತಿದ್ದೆ. ಇದನ್ನ ಕೆದಕಬೇಡ ಅಂತ.”

ಆ ಮಾತು ಏನೆಂದು ಪುಟ್ಟಿ ಕೇಳುವಷ್ಟರಲ್ಲಿ ಹಿಂದೆ ಬಿಕ್ಕಿದ ಸದ್ದಾಯಿತು.

ಅತ್ತಿಗೆ ಎದ್ದು ನಿಂತಿದ್ದಳು. ಕೆನ್ನೆಯ ಮೇಲೆ ಕಣ್ಣೀರು ಧಾರೆಯಾಗಿತ್ತು. ಆದರೆ ಅವಳ ಮುಖ ಅಳುವವರ ಮುಖದಂತಿರಲಿಲ್ಲ. ಹೊತ್ತ ಹೊರೆಯನ್ನು ಈಗಷ್ಟೇ ಇಳಿಸಿದವಳಂತೆ ಅವಳು ಉಸಿರೆಳೆದುಕೊಳ್ಳುತ್ತಿದ್ದಳು.

“ಪುಟ್ಟಿ,” ಎಂದಳು. “ನಿಜಾನಾ? ಹಲಗೆದಾರಿಯಲ್ಲಿ ಇದ್ದೋರಿಂದ ಆಗಲ್ವಾ? ಖಂಡಿತಾನಾ?”

“ಖಂಡಿತ ಅತ್ತಿಗೆ. ಅಣ್ಣನ ಕೈಯಿಂದ ಜಾರಿಲ್ಲ. ಅಳಬೇಡ.”

“ಹಾಗಾದ್ರೆ ನನ್ನಿಂದ ಆಗಿದ್ದಲ್ಲ,” ಎಂದಳು ಅತ್ತಿಗೆ.

ಪುಟ್ಟಿ ಅವಳ ಹತ್ತಿರಕ್ಕೆ ಹೋದಳು.

“ಏನಂದಿ?”

“ನಾನೇ ಕೊಂದೆ ಅಂತ ಅಂದ್ಕೊಂಡಿದ್ದೆ ಕಣೇ. ಹಗಲೂ ರಾತ್ರಿ ಅದೇ. ಆವತ್ತು ಊಟದ ಡಬ್ಬಿ ತಗೊಂಡು ಬಂದಿದ್ದೆ. ನಿಮ್ಮಣ್ಣ ಕೆಳಗೆ ಕಾಣಲಿಲ್ಲ, ಮೇಲಿರ್ತಾರೆ ಅಂತ ಈ ಮುಂದಿನ ಏಣಿ ಹತ್ತಿ ಹಲಗೆದಾರಿಗೆ ಹೋದೆ. ಕತ್ತಲು. ತಲೆ ತಿರುಗಿದ ಹಾಗಾಗಿ ಅಲ್ಲಿ ಯಾವುದೋ ಹಗ್ಗ ಇತ್ತು, ಅದನ್ನ ಹಿಡ್ಕೊಂಡೆ. ಅದು ಕೈಯಲ್ಲಿ ಒಂದೇ ಸಲ ಜಗ್ಗಿತು, ಆಮೇಲೆ ಸಡಿಲ ಆಯ್ತು. ಕೆಳಗೆ ಸದ್ದು ಬಂತು. ನಾನು ಬಿಚ್ಚಿಬಿಟ್ಟೆ, ನನ್ನಿಂದ ಬಿತ್ತು ಅಂತ...” ಅವಳು ಪುಟ್ಟಿಯ ಎರಡೂ ಕೈ ಹಿಡಿದುಕೊಂಡಳು. “ಅವರು ನನ್ನ ಬಾಯಿ ಮುಚ್ಚಿಸಿದ್ರು. ನೀನಿಲ್ಲಿಗೆ ಬಂದೇ ಇಲ್ಲ, ತಿಳೀತಾ, ಹಲಗೆದಾರಿಯಲ್ಲಿ ಇದ್ದೋನು ನಾನು ಅಂದ್ರು. ನನಗೋಸ್ಕರ ಒಪ್ಕೊಂಡ್ರು ಪುಟ್ಟಿ. ನನ್ನನ್ನ ಉಳಿಸೋಕೆ.”

ಅವಳ ಅಂಗೈ ಬೆಚ್ಚಗಿತ್ತು. ಪುಟ್ಟಿಯ ಬೆರಳುಗಳು ಒಂದೊಂದಾಗಿ ತಣ್ಣಗಾಗುತ್ತ ಬಂದವು.

ಸಾಕು ಅತ್ತಿಗೆ, ಎನ್ನಬೇಕೆಂದುಕೊಂಡಳು. ಇನ್ನು ಒಂದಕ್ಷರ ಬೇಡ. ಇನ್ಸ್‌ಪೆಕ್ಟರ್ ಆಗಲೇ ಹತ್ತಿರ ಬಂದಿದ್ದರು. ಅವರ ಹಿಂದೆ ಮ್ಯಾನೇಜರ್ ಕಣ್ಣು ಮುಚ್ಚಿಕೊಂಡು ತಲೆಯಾಡಿಸುತ್ತಿದ್ದರು, ಬೇಡ ಬೇಡ ಎನ್ನುವಂತೆ. ಏಣಿಯ ಪಕ್ಕದ ಕೋಣೆಯಿಂದ ಅವರು ಆ ದಿನ ಏನು ಕಂಡಿದ್ದರೆಂದು ಪುಟ್ಟಿಗೆ ಈಗ ಹೊಳೆಯಿತು.

“ಅಮ್ಮ,” ಇನ್ಸ್‌ಪೆಕ್ಟರ್ ದನಿ ತುಂಬ ಮೆತ್ತಗಿತ್ತು, “ಹಲಗೆದಾರಿಯಲ್ಲಿ ಇದ್ದದ್ದು ನೀವು. ನೀವೊಬ್ಬರೇನಾ?”

“ಹೂಂ ಸಾರ್. ಇನ್ಯಾರೂ ಇರಲಿಲ್ಲ.”

“ನಿಮ್ಮ ಯಜಮಾನ್ರು?”

“ಸದ್ದಾದ ಮೇಲೆ ಬಂದ್ರು. ಓಡಿ ಬಂದ್ರು. ನಾನು ಕೆಳಗೆ ಬೀಳ್ತೀನೇನೋ ಅಂತ ತಬ್ಬಿ ಹಿಡ್ಕೊಂಡ್ರು.” ಅತ್ತಿಗೆಯ ದನಿಯಲ್ಲಿ ಗಂಡನ ಬಗೆಗಿನ ಹೆಮ್ಮೆ ಹೊರಗಿಣುಕಿತು. “ಕೆಟ್ಟ ಮನುಷ್ಯ ಅಲ್ಲ ಸಾರ್ ಅವರು. ಇನ್ನು ಬಿಟ್ಟುಬಿಡ್ತೀರಲ್ಲ?”

ಇನ್ಸ್‌ಪೆಕ್ಟರ್ ಮೇಲಕ್ಕೆ ನೋಡಿದರು. ಹಲಗೆದಾರಿ ತೆಳ್ಳಗೆ, ಕಪ್ಪಗೆ, ಒಂದು ತುದಿಯಿಂದ ಇನ್ನೊಂದು ತುದಿಗೆ ಚಾಚಿಕೊಂಡಿತ್ತು. ಹತ್ತಲು ಎರಡೇ ದಾರಿ. ಮುಂದೆ ಏಣಿ. ಹಿಂದೆ ಅಟ್ಟ.

“ಅವರು ಓಡಿಬಂದದ್ದು ಯಾವ ಕಡೆಯಿಂದಮ್ಮ?”

ಪುಟ್ಟಿ ಅತ್ತಿಗೆಯ ಕೈಯನ್ನು ಬಿಗಿಯಾಗಿ ಹಿಡಿದುಕೊಂಡಳು. ಎಷ್ಟು ಬಿಗಿಯೆಂದರೆ ಬಳೆ ಅಂಗೈಗೆ ಒತ್ತಿತು. ಅತ್ತಿಗೆ ಅದನ್ನು ಪ್ರೀತಿಯೆಂದೇ ತಿಳಿದು, ಅವಳತ್ತ ನೋಡಿ ಕಣ್ಣೀರಿನ ನಡುವೆಯೇ ನಕ್ಕಳು. ಆಮೇಲೆ ಆ ಕೈಯನ್ನು ಮೆಲ್ಲಗೆ ಬಿಡಿಸಿಕೊಂಡು, ಮನೆಗೆ ಬಂದ ನೆಂಟರಿಗೆ ದಾರಿ ತೋರಿಸುವಷ್ಟು ನಿರಾಳವಾಗಿ ಮೇಲೆತ್ತಿ, ಹಿಂದಿನ ಅಟ್ಟದ ಕಡೆಗೆ ತೋರಿಸಿದಳು.